ಹದಿನಾಲ್ಕು ವರ್ಷದ ಲೆಕ್ಕ: ಯೆರವಡಾ ಜೈಲು ಮತ್ತು ಅವಧಿಪೂರ್ವ ಬಿಡುಗಡೆಯ ಮಿತಿಗಳು

ನ್ಯಾಯಾಲಯ ವಿಧಿಸಿದ ಶಿಕ್ಷೆ ಪೂರ್ತಿ ಮುಗಿಯುವ ಮೊದಲೇ ಕೈದಿಯನ್ನು ಹೊರಗೆ ಬಿಡುವ ಕ್ರಮವನ್ನು ಭಾರತದಲ್ಲಿ ಅವಧಿಪೂರ್ವ ಬಿಡುಗಡೆ ಎಂದು ಕರೆಯುವ ರೂಢಿಯಿದ್ದರೂ, ಆ ಒಂದೇ ಹೆಸರಿನ ಕೆಳಗೆ ಪರಸ್ಪರ ಬೇರೆಯಾದ ಮೂರು ಸೌಲಭ್ಯಗಳು ಬೆರೆತುಹೋಗಿವೆ. ದುಡಿಮೆಗೂ ಸನ್ನಡತೆಗೂ ಪ್ರತಿಯಾಗಿ ಶಿಕ್ಷೆಯ ದಿನಗಳನ್ನು ಕಳೆಯುವುದು ಮಾಫಿ. ಮನೆಯಲ್ಲಿ ಸಾವು, ಕಾಯಿಲೆಯಂಥ ತುರ್ತು ಒದಗಿದಾಗ ಸಿಗುವ ತಾತ್ಕಾಲಿಕ ಬಿಡುಗಡೆ ಪೆರೋಲ್. ಕಾರಣವನ್ನೇ ಕೇಳದೆ, ಇಂತಿಷ್ಟು ವರ್ಷ ಕಳೆದವನಿಗೆ ಸಂಸಾರದ ನಂಟು ಕಡಿದುಹೋಗದಿರಲೆಂದು ಕೊಡುವ ರಜೆ ಫರ್ಲೋ. ಪುಣೆಯ ಯೆರವಡಾ ಜೈಲಿನ ಮರಾಠಿ ಕಡತಗಳಲ್ಲಿ ಫರ್ಲೋಗೆ ‘ಸಂಚಿತ ರಜಾ’ ಎಂದೂ ಪೆರೋಲ್‌ಗೆ ‘ಅಭಿವಚನ ರಜಾ’ ಎಂದೂ ಹೆಸರಿದ್ದು, ಮೊದಲನೆಯದು ಕೂಡಿಟ್ಟ ರಜೆ, ಎರಡನೆಯದು ಮಾತು ಕೊಟ್ಟು ಪಡೆದ ರಜೆ ಎಂಬ ವ್ಯತ್ಯಾಸವನ್ನು ಆ ಪದಗಳೇ ಹೇಳುತ್ತವೆ. ಫರ್ಲೋದ ದಿನಗಳು ಅನುಭವಿಸಿದ ಶಿಕ್ಷೆಯಲ್ಲಿ ಸೇರುತ್ತವೆ, ಪೆರೋಲ್‌ನ ದಿನಗಳು ಸೇರುವುದಿಲ್ಲ. ಕೊಲೆ, ಅತ್ಯಾಚಾರ, ದರೋಡೆಯಂಥ ಹಿಂಸಾಪರಾಧಗಳಲ್ಲಿ ಈ ಮೂರನ್ನೂ ಮೊಟಕುಗೊಳಿಸುತ್ತ ಬಂದ ನಿಯಮಗಳ ಬೆಳವಣಿಗೆಯನ್ನು ಪುಣೆಯನ್ನು ಕೇಂದ್ರವಾಗಿಟ್ಟು ನೋಡಲು ಕಾರಣವಿದೆ: ಈ ಕ್ಷೇತ್ರದ ಮೊದಲ ದೊಡ್ಡ ತೀರ್ಪಿನ ಅರ್ಜಿದಾರ ಈ ಊರಿನವನು, ತೀರಾ ಈಚಿನ ತೀರ್ಪುಗಳಲ್ಲೊಂದು ಇಲ್ಲಿನ ಜೈಲಿನ ಇಬ್ಬರು ಕೈದಿಗಳದು.

1871ರಲ್ಲಿ ಕಟ್ಟಿದ ಯೆರವಡಾ ಜೈಲಿಗೆ ಅನ್ವಯಿಸಿದ್ದು 1894ರ ಬಂದೀಖಾನೆ ಕಾಯ್ದೆ. ಮಾಫಿಯ ನಿಯಮ ರೂಪಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಬೆಳಗಾವಿ, ಧಾರವಾಡ, ವಿಜಯಪುರಗಳು 1956ರವರೆಗೆ ಮುಂಬಯಿ ಆಡಳಿತದಲ್ಲೇ ಇದ್ದುದರಿಂದ ಹಿಂಡಲಗಾ ಜೈಲಿನ ಕನ್ನಡಿಗ ಕೈದಿಗೂ ಮುಂಬಯಿಯ ಲೆಕ್ಕವೇ ಲೆಕ್ಕವಾಗಿತ್ತು. ಯೆರವಡಾದ ಅತಿ ಪ್ರಸಿದ್ಧ ಅವಧಿಪೂರ್ವ ಬಿಡುಗಡೆ ಗಾಂಧೀಜಿಯವರದು: 1922ರಲ್ಲಿ ಆರು ವರ್ಷದ ಶಿಕ್ಷೆ ಹೊತ್ತು ಒಳಹೋದವರನ್ನು ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯ ಬಳಿಕ 1924ರ ಫೆಬ್ರವರಿಯಲ್ಲಿ ಬಿಡಲಾಯಿತು. ಆದರೆ ಅದು ಸರ್ಕಾರದ ರಾಜಕೀಯ ವಿವೇಚನೆಯೇ ಹೊರತು ಮಾಫಿಯ ಗಣಿತವಲ್ಲ.

ಆ ಗಣಿತವನ್ನು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿಸಿದವನು, ವಿಪರ್ಯಾಸವೆಂಬಂತೆ, ಗಾಂಧಿ ಹತ್ಯೆಯ ಒಳಸಂಚಿನಲ್ಲಿ 1949ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಪುಣೆಯ ಗೋಪಾಳ ಗೋಡ್ಸೆ. ಸಾಮಾನ್ಯ ಮಾಫಿ, ವಿಶೇಷ ಮಾಫಿ, ವ್ಯಾಯಾಮಕ್ಕೆ ಇಷ್ಟು, ಓದುಬರಹಕ್ಕೆ ಇಷ್ಟು, ವರ್ಷವಿಡೀ ತಂಟೆಯಿಲ್ಲದೆ ಇದ್ದುದಕ್ಕೆ ಇಷ್ಟು, ಸರ್ಕಾರ ವಿಶೇಷ ಸಂದರ್ಭಗಳಲ್ಲಿ ಘೋಷಿಸಿದ್ದು ಇಷ್ಟು ಎಂದು ಬಾಬುವಾರು ಕೂಡಿಸಿ 2,800ಕ್ಕೂ ಹೆಚ್ಚು ದಿನಗಳ ಮಾಫಿ ತನ್ನ ಖಾತೆಯಲ್ಲಿದೆಯೆಂದೂ, ಒಳಗಿದ್ದ ಕಾಲದೊಂದಿಗೆ ಅದನ್ನು ಸೇರಿಸಿದರೆ 20 ವರ್ಷ ತುಂಬುತ್ತದೆಯೆಂದೂ ಆತ ವಾದಿಸಿದ. 1961ರ ಜನವರಿಯಲ್ಲಿ ಸಂವಿಧಾನ ಪೀಠ ಆ ಅರ್ಜಿಯನ್ನು ವಜಾಗೊಳಿಸಿತು. ಜೀವಾವಧಿ ಎಂದರೆ ಉಳಿದ ಆಯುಸ್ಸು ಪೂರ್ತಿ. 20 ವರ್ಷವೆಂಬುದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಅಂಕಿ. ಎಷ್ಟೇ ಮಾಫಿ ಗಳಿಸಿದ್ದರೂ ಸರ್ಕಾರ ತನ್ನ ವಿವೇಚನೆಯಿಂದ ಉಳಿದ ಶಿಕ್ಷೆಯನ್ನು ಮನ್ನಾ ಮಾಡದ ಹೊರತು ಬಿಡುಗಡೆ ಹಕ್ಕಲ್ಲ ಎಂದು ಆ ತೀರ್ಪು ಸಾರಿತು. ಕೂಡಿಸಿ ಕಳೆಯುವ ಗುಮಾಸ್ತೆಯ ಕೈಯಲ್ಲಿದ್ದ ಕೀಲಿ ಅಂದು ಸರ್ಕಾರದ ಮಂತ್ರಾಲಯಕ್ಕೆ ಹೋಯಿತು.

ಮಂತ್ರಾಲಯದ ಕೀಲಿ ತೆರೆದ ಬಗೆಯೂ ಸಮಾಧಾನ ತರಲಿಲ್ಲ. 1964ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಗೋಪಾಳ ಗೋಡ್ಸೆ ಮತ್ತು ಅದೇ ಒಳಸಂಚಿನ ಸಹ ಅಪರಾಧಿ ವಿಷ್ಣು ಕರ್ಕರೆಯವರನ್ನು ಅಭಿನಂದಿಸಲು ನವೆಂಬರ್ 12ರಂದು ಪುಣೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯಿತು. ಅಲ್ಲಿ ಮಾತನಾಡಿದ ಪತ್ರಕರ್ತ, ತಿಲಕರ ಮೊಮ್ಮಗ ಜಿ. ವಿ. ಕೇತ್ಕರ್, ಹತ್ಯೆಯ ಸುಳಿವು ತಮಗೆ ಮೊದಲೇ ಇತ್ತೆಂದು ಹೇಳಿದ್ದು ಪತ್ರಿಕೆಗಳಲ್ಲಿ ಬಂದು, ಸಂಸತ್ತಿನಲ್ಲಿಯೂ ರಾಜ್ಯದ ವಿಧಾನಸಭೆಯಲ್ಲಿಯೂ ಕೋಲಾಹಲವೆದ್ದು, ಗೋಡ್ಸೆಯ ಮರುಬಂಧನಕ್ಕೂ ಮುಂದೆ ಕಪೂರ್ ಆಯೋಗದ ರಚನೆಗೂ ಕಾರಣವಾಯಿತು. ಪ್ರಸಾದದ ತಟ್ಟೆಯಿಂದ ತನಿಖಾ ಆಯೋಗದವರೆಗೆ ಹರಿದ ಈ ಪ್ರಸಂಗದಲ್ಲಿ ಮುಂದಿನ ಅರ್ಧ ಶತಮಾನದ ವಿನ್ಯಾಸ ಅಡಗಿದೆ: ಒಂದು ಬಿಡುಗಡೆ, ಅದರಿಂದ ಒಂದು ಆಕ್ರೋಶ, ಅದರ ಬೆನ್ನಿಗೆ ಒಂದು ನಿರ್ಬಂಧ.

ಮುಂದಿನ ಹೆಜ್ಜೆ ಶಾಸಕಾಂಗದ್ದು. 1973ರ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿ 1978ರ ಡಿಸೆಂಬರ್ 18ರಿಂದ ಜಾರಿಗೆ ಬಂದ 433ಎ ವಿಧಿಯ ಪ್ರಕಾರ, ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಪಡೆದವನನ್ನು, ಅಥವಾ ಗಲ್ಲು ತಪ್ಪಿ ಜೀವಾವಧಿಗೆ ಇಳಿದವನನ್ನು, ಮಾಫಿಯನ್ನು ಹೊರತುಪಡಿಸಿ 14 ವರ್ಷ ನಿಜವಾಗಿ ಜೈಲಿನಲ್ಲಿ ಕಳೆಯುವ ತನಕ ಬಿಡುವಂತಿಲ್ಲ. ‘ಹದಿನಾಲ್ಕು ವರ್ಷ ಮುಗಿದರೆ ಬಿಡುಗಡೆ’ ಎಂಬ ಜನಜನಿತ ನಂಬಿಕೆ ಈ ವಿಧಿಯನ್ನು ತಲೆಕೆಳಗಾಗಿ ಓದುತ್ತದೆ. ಅದು ಕನಿಷ್ಠವೇ ಹೊರತು ಗರಿಷ್ಠವಲ್ಲ. ಮಾರೂ ರಾಮ್ ಪ್ರಕರಣದಲ್ಲಿ (1980) ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕೈದಿಯ ಪರಿವರ್ತನೆಯಲ್ಲಿ ಅಪಾರ ನಂಬಿಕೆಯಿದ್ದವರಾದರೂ, ವಿಧಿಯನ್ನು ಎತ್ತಿಹಿಡಿದರು. ಆದರೆ ಅದು ಜಾರಿಗೆ ಬರುವ ಮುನ್ನ ಶಿಕ್ಷೆಗೊಳಗಾದವರಿಗೆ ಅನ್ವಯಿಸದೆಂದೂ, ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾದಾನದ ಅಧಿಕಾರವನ್ನು ಅದು ಮುಟ್ಟದೆಂದೂ ಸ್ಪಷ್ಟಪಡಿಸಿದರು.

ಮಹಾರಾಷ್ಟ್ರ ಸರ್ಕಾರ ಈ 14ರ ಮೇಲೆ ತನ್ನದೇ ಮಹಡಿಗಳನ್ನು ಕಟ್ಟಿತು. 1992ರ ಮತ್ತು 2010ರ ಮಾರ್ಗಸೂಚಿಗಳು ಕೊಲೆಯನ್ನು ಉದ್ದೇಶ, ಕ್ರೌರ್ಯ, ಪೂರ್ವಯೋಜನೆ, ಬಲಿಯಾದವರು ಯಾರು ಎಂಬುದರ ಮೇಲೆ ವರ್ಗಗಳಾಗಿ ವಿಂಗಡಿಸಿ, ಮಾಫಿಯೂ ಸೇರಿ 20, 22, 24 ಎಂದು ಏರುತ್ತ ಹೋಗುವ ಅವಧಿಗಳನ್ನು ನಿಗದಿಪಡಿಸಿದವು. ಆದ್ದರಿಂದ ‘ಹದಿನಾಲ್ಕು ವರ್ಷದ ಪ್ರಸ್ತಾವ’ವೆಂದು ಜೈಲಿನಿಂದ ಹೊರಡುವ ಕಡತ, ಪೊಲೀಸರ ವರದಿ, ಜಿಲ್ಲಾಧಿಕಾರಿಯ ಅಭಿಪ್ರಾಯ, ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯಗಳನ್ನು ಕೂಡಿಸಿಕೊಂಡು ಗೃಹ ಇಲಾಖೆ ತಲುಪಿದಾಗ, ಅಲ್ಲಿ ಮೊದಲು ಏಳುವ ಪ್ರಶ್ನೆ ಕೈದಿ ಹೇಗಿದ್ದಾನೆ ಎಂಬುದಲ್ಲ, ಯಾವ ವರ್ಗಕ್ಕೆ ಸೇರಿದ್ದಾನೆ ಎಂಬುದು. ಸುಪ್ರೀಂ ಕೋರ್ಟು ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ (2000) ಹೇಳಿದ ಮಾನದಂಡಗಳು ಬೇರೆ ಜಾಡಿನವು: ಅಪರಾಧ ಇಡೀ ಸಮಾಜವನ್ನು ತಟ್ಟಿದ್ದೇ, ಮರುಕಳಿಸುವ ಸಂಭವವಿದೆಯೇ, ಅಪರಾಧ ಮಾಡುವ ಶಕ್ತಿ ಈತನಲ್ಲಿ ಉಳಿದಿದೆಯೇ, ಇನ್ನೂ ಒಳಗಿಟ್ಟು ಪ್ರಯೋಜನವೇನು, ಕುಟುಂಬದ ಸ್ಥಿತಿ ಏನು. ಈ ಐದರಲ್ಲಿ ನಾಲ್ಕು ಇಂದಿನ ಮನುಷ್ಯನನ್ನು ಕುರಿತವು. ವರ್ಗಪಟ್ಟಿ ಮಾತ್ರ ಅಂದಿನ ಕೃತ್ಯವನ್ನೇ ನೋಡುತ್ತದೆ. ಪಟ್ಟಿಯ ಅನುಕೂಲವೂ ಅದೇ, ಕುರುಡುತನವೂ ಅದೇ.

ಈ ಎರಡು ದೃಷ್ಟಿಗಳ ತಿಕ್ಕಾಟಕ್ಕೆ ಮುಂಬಯಿ ಭೂಗತ ಲೋಕದಿಂದ ರಾಜಕೀಯಕ್ಕೆ ಬಂದ ಅರುಣ್ ಗವಳಿಯ ಮೊಕದ್ದಮೆ ಉತ್ತಮ ನಿದರ್ಶನ. 65 ದಾಟಿದ ದುರ್ಬಲ ಕೈದಿಗಳು ಅರ್ಧ ಶಿಕ್ಷೆ ಮುಗಿಸಿದ್ದರೆ ಬಿಡಬಹುದೆಂಬ 2006ರ ಸುತ್ತೋಲೆಯಿಂದ, ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ ‘ಮೋಕಾ’ದಡಿ ಶಿಕ್ಷೆಗೊಳಗಾದವರನ್ನು ಸರ್ಕಾರ 2015ರಲ್ಲಿ ಹೊರಗಿಟ್ಟಿತು. ಗವಳಿಗೆ ಶಿಕ್ಷೆಯಾದದ್ದು 2012ರಲ್ಲಿ. ಶಿಕ್ಷೆಯಾದ ದಿನದ ನೀತಿಯೇ ಅನ್ವಯವೆಂಬುದು ಹರಿಯಾಣದ ಜಗದೀಶ್ ಪ್ರಕರಣದಿಂದ (2010) ನೆಲೆಗೊಂಡ ತತ್ತ್ವ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2024ರ ಏಪ್ರಿಲ್‌ನಲ್ಲಿ ಆತನ ಪರ ಆದೇಶಿಸಿತು, ಸುಪ್ರೀಂ ಕೋರ್ಟು ಜೂನ್‌ನಲ್ಲಿ ಅದಕ್ಕೆ ತಡೆ ನೀಡಿತು.

ರಜೆಗಳ ವಿಷಯದಲ್ಲಿಯೂ ಕತೆ ಇದೇ. 1959ರ ಫರ್ಲೋ ಮತ್ತು ಪೆರೋಲ್ ನಿಯಮಗಳನ್ನು 2016ರಲ್ಲಿ, ಕೊಲೆ ಅಪರಾಧಿಯೊಬ್ಬ ನಾಸಿಕ್ ಜೈಲಿನಿಂದ ಪೆರೋಲ್ ಮೇಲೆ ಹೋಗಿ ತಲೆಮರೆಸಿಕೊಂಡ ವರ್ಷವೇ, ತಿದ್ದಿ ಅತ್ಯಾಚಾರ, ದರೋಡೆ, ಅಪಹರಣ, ಭಯೋತ್ಪಾದನೆಯ ಅಪರಾಧಿಗಳನ್ನು ಫರ್ಲೋದಿಂದ ಹೊರಗಿಡಲಾಯಿತು. 2020ರ ಮೇ 8ರಂದು ಕೋವಿಡ್ ನಿಮಿತ್ತ ತಂದ ತುರ್ತು ಪೆರೋಲ್ ಕೂಡ 7 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯವರಿಗೆ ಒಂದು ಷರತ್ತು ಹಾಕಿತು: ಹಿಂದಿನ ಎರಡು ಬಾರಿ ಹೊರಹೋದಾಗ ಹೇಳಿದ ದಿನಕ್ಕೆ ಮರಳಿರಬೇಕು. ಅಪರಾಧದ ಹೆಸರಿಗಿಂತ ಕೈದಿಯ ನಡತೆಗೆ ತೂಕ ಕೊಟ್ಟ ಅಪರೂಪದ ನಿಯಮವಿದು. ಆದರೆ ಒಮ್ಮೆಯೂ ರಜೆ ಸಿಗದವನು ಮರಳಿದ್ದನ್ನು ತೋರಿಸುವುದೆಂತು?

ಇಷ್ಟರಲ್ಲಿ ನ್ಯಾಯಾಲಯಗಳೇ ಕೀಲಿಯತ್ತ ಕೈಚಾಚಿದ್ದವು, ಅದೂ ಕರ್ನಾಟಕದ ಪ್ರಕರಣದ ಮೂಲಕ. ಬೆಂಗಳೂರಿನಲ್ಲಿ 1991ರಲ್ಲಿ ಪತ್ನಿಯನ್ನು ಕೊಂದು ಮನೆಯ ಆವರಣದಲ್ಲೇ ಹೂತ ಸ್ವಾಮಿ ಶ್ರದ್ಧಾನಂದನಿಗೆ ಗಲ್ಲು ಅತಿಯಾಯಿತು, 14 ವರ್ಷಕ್ಕೆ ಬಿಡುಗಡೆಯಾಗಬಹುದಾದ ಜೀವಾವಧಿ ತೀರಾ ಕಡಿಮೆಯಾಯಿತು ಎಂಬ ಇಕ್ಕಟ್ಟಿನಲ್ಲಿ ಸುಪ್ರೀಂ ಕೋರ್ಟು 2008ರ ಜುಲೈನಲ್ಲಿ, ಮಾಫಿಯೇ ಇಲ್ಲದೆ ಸಾಯುವ ತನಕ ಸೆರೆ ಎಂಬ ನಡುವಣ ಶಿಕ್ಷೆಯನ್ನು ರೂಪಿಸಿತು. 2015ರ ಡಿಸೆಂಬರ್‌ನಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠ, ಮೂವರು ಎತ್ತಿಹಿಡಿದು ಇಬ್ಬರು ಒಪ್ಪದೆ, ಈ ಅಧಿಕಾರ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟುಗಳಿಗೆ ಮಾತ್ರ ಸೇರಿದ್ದೆಂದು ಮಿತಿ ಹಾಕಿತು. ಶಿಕ್ಷೆ ವಿಧಿಸುವ ದಿನವೇ 25 ಅಥವಾ 30 ವರ್ಷಗಳ ಮುಂದಿನ ಮನುಷ್ಯನನ್ನು ನಿರ್ಣಯಿಸುವ ಈ ಪದ್ಧತಿ ಗಲ್ಲುಗಳನ್ನು ಕಡಿಮೆ ಮಾಡಿತೆಂಬುದನ್ನು ಒಪ್ಪಿದರೂ, ಗಲ್ಲಿನ ಸಂಭವವೇ ಇಲ್ಲದ ಮೊಕದ್ದಮೆಗಳಿಗೂ ಅದು ಹರಡಿದರೆ ನಡುವಣ ದಾರಿ ಎಂಬ ಹೆಸರು ಸಲ್ಲುವುದಿಲ್ಲ.

ಬಿಡುಗಡೆ ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಬಿಲ್ಕಿಸ್ ಬಾನು ಪ್ರಕರಣದಲ್ಲಿ ನಿಷ್ಠುರವಾಗಿ ಎದುರಾಯಿತು. ಗುಜರಾತಿನಲ್ಲಿ ನಡೆದ ಅತ್ಯಾಚಾರದ ಅಪರಾಧಕ್ಕೆ 2008ರಲ್ಲಿ ಮುಂಬಯಿಯ ನ್ಯಾಯಾಲಯ ಶಿಕ್ಷಿಸಿದ್ದ 11 ಮಂದಿಯನ್ನು ಗುಜರಾತ್ ಸರ್ಕಾರ, ಅತ್ಯಾಚಾರ ಅಪರಾಧಿಗಳನ್ನು ಹೊರಗಿಡುವ 2014ರ ನೀತಿಯನ್ನು ಬಿಟ್ಟು 1992ರ ಹಳೆಯ ನೀತಿಯನ್ನು ಹಿಡಿದು, ಮುಂಬಯಿಯ ನ್ಯಾಯಾಧೀಶರ ಅಭಿಪ್ರಾಯ ಪ್ರತಿಕೂಲವಾಗಿದ್ದರೂ, 2022ರ ಆಗಸ್ಟ್ 15ರಂದು ಬಿಡುಗಡೆ ಮಾಡಿತು. 2024ರ ಜನವರಿ 8ರಂದು ಕನ್ನಡತಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಅದನ್ನು ರದ್ದುಗೊಳಿಸಿ, ಶಿಕ್ಷೆ ವಿಧಿಸಿದ ರಾಜ್ಯದ ಸರ್ಕಾರವೇ, ಅಂದರೆ ಮಹಾರಾಷ್ಟ್ರವೇ, ‘ಸಮುಚಿತ ಸರ್ಕಾರ’ವೆಂದು ಹೇಳಿ ಅಪರಾಧಿಗಳಿಗೆ ಎರಡು ವಾರದೊಳಗೆ ಜೈಲಿಗೆ ಮರಳಲು ಆದೇಶಿಸಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಪುಣೆಯ ಮೊಕದ್ದಮೆಯೊಂದು ಕೊನೆಗಂಡಿತು. 2007ರ ನವೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟ ಬಿಪಿಒ ಉದ್ಯೋಗಿಯನ್ನು ಕಂಪನಿಯ ಕ್ಯಾಬ್‌ನಲ್ಲಿಯೇ ಕರೆದೊಯ್ದು ಅತ್ಯಾಚಾರವೆಸಗಿ ಕೊಂದ ಇಬ್ಬರಿಗೆ ಯೆರವಡಾದಲ್ಲಿ 2019ರ ಜೂನ್ 24ರಂದು ಗಲ್ಲು ನಿಗದಿಯಾಗಿತ್ತು. ಗಲ್ಲು ಜಾರಿಯಲ್ಲಿ ಆಡಳಿತವೇ ನಾಲ್ಕು ವರ್ಷಕ್ಕೂ ಹೆಚ್ಚು ವಿಳಂಬ ಮಾಡಿತೆಂಬ ಕಾರಣಕ್ಕೆ ಬಾಂಬೆ ಹೈಕೋರ್ಟು ಅದನ್ನು, ಕಳೆದ ಅವಧಿಯೂ ಸೇರಿ, 35 ವರ್ಷದ ಸೆರೆಗೆ ಇಳಿಸಿತು, ಸುಪ್ರೀಂ ಕೋರ್ಟು ಆ ಆದೇಶವನ್ನೇ ಉಳಿಸಿತು. ಮಾಫಿಯ ಬಾಬುಗಳೂ ವರ್ಗಪಟ್ಟಿಯೂ ಬೇಡವಾದ ಈ ಲೆಕ್ಕದಲ್ಲಿ, ಬಂಧನದ ದಿನದಿಂದ ಎಣಿಸಿದರೆ, ಅವರ ಬಿಡುಗಡೆಯ ವರ್ಷ 2042.