ಮ್ವಾಡದ ಹುಳ

ಬೀದರ್ ಜಿಲ್ಲೆಯ ಸಂತಪುರದ ನಮ್ಮ ಹೊಲದಲ್ಲಿ ತೊಗರಿ ಹೂ ಬಿಟ್ಟಾಗ ಅಪ್ಪ ಮೊದಲು ನೋಡುತ್ತಿದ್ದುದು ಗಿಡವನ್ನಲ್ಲ, ಆಕಾಶವನ್ನು. "ಮ್ವಾಡ ಆಗ್ಯದ, ಹುಳ ಬೀಳ್ತದ" ಅನ್ನುತ್ತಿದ್ದ. ಅವ್ವ ಸಾಲಿನ ನಡುವೆ ಹಳೆಯ ಚಾದರ ಎಳೆಯುತ್ತ ಬರುತ್ತಿದ್ದಳು. ಅಪ್ಪ, ನಾನು ಎರಡೂ ಬದಿಯ ಗಿಡ ಅಲುಗಿಸುತ್ತಿದ್ದೆವು. ಹಸಿರು ಹುಳ ಟಪಟಪ ಉದುರುತ್ತಿದ್ದವು. ಅವತ್ತು ಕೋಳಿಗಳಿಗೆ ಹಬ್ಬ.

ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಪಂಪು ಬಂದ ಮೇಲೆ ಚಾದರ ಮೂಲೆ ಸೇರಿತು. ಪಂಪು ಹೊತ್ತವರಲ್ಲಿ ನಾನೂ ಒಬ್ಬ, ಸುಳ್ಳೇಕೆ ಹೇಳಲಿ?

1997ರಲ್ಲಿ ಹೊತ್ತಲ್ಲದ ಮಳೆ, ಬಿಡದ ಮೋಡ. ಎಣ್ಣಿಗೆ ಒಗ್ಗಿಹೋಗಿದ್ದ ಅದೇ ಹಸಿರು ಹುಳ, ಕಾಯಿಕೊರಕ, ಎಷ್ಟು ಹೊಡೆದರೂ ಸಾಯಲಿಲ್ಲ. ಬೆಳೆ ಹೋಯಿತು, ಸಾಲ ಉಳಿಯಿತು. ಆ ಚಳಿಗಾಲ ಬೀದರ್ ಜಿಲ್ಲೆಯ ರೈತರ ಆತ್ಮಹತ್ಯೆಗಳು ರಾಜ್ಯಕ್ಕೆಲ್ಲ ಸುದ್ದಿಯಾದವು. ಆಮೇಲೆ ಹೈದರಾಬಾದ್ ಬಳಿಯ ಪಟಾಂಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಗಿಡ ಅಲುಗಿಸುವ ಪದ್ಧತಿಯನ್ನೇ ಪರೀಕ್ಷಿಸಿ, ಸರಿ ಎಂದರು.

ಕಾಡಿನ ಕಥೆಯೂ ಹೊಲದ ಕಥೆಗೆ ದೂರದ್ದಲ್ಲ. ಮುಂಗಾರಿಗೆ ಮುಂಚಿನ ಮಳೆಗೆ ತೇಗ ಚಿಗುರಿದ ಕೂಡಲೇ ಎಲೆ ತಿನ್ನುವ ಹುಳ ಮುತ್ತುತ್ತದೆ. ಕೇರಳದ ನಿಲಂಬೂರಿನ ನೆಡುತೋಪಿನಲ್ಲಿ ಅದರಿಂದ ಮರದ ಬೆಳವಣಿಗೆ 44% ಕುಗ್ಗಿದ್ದನ್ನು ಅಳೆದಿದ್ದಾರೆ. ಮರವನ್ನು ಅಲುಗಿಸುವವರು ಯಾರು? ಬಿಸಿ ಏರಿದರೆ ಹುಳದ ತಲೆಮಾರು ಬೇಗ ತಿರುಗುತ್ತದೆ, ಮಳೆ ದಾರಿ ತಪ್ಪಿದರೆ ಚಿಗುರಿನ ಹೊತ್ತೂ ತಪ್ಪುತ್ತದೆ.

ಚಾದರ ಈಗಲೂ ಅಟ್ಟದ ಮೇಲಿದೆ. ಕೋಳಿಗಳಿಲ್ಲ.