ಮೋಡ ಇತ್ತು, ನೋಡಲಿಲ್ಲ

ಸಂಕಷ್ಟಿ ದಿನ ನಮ್ಮನೇಲಿ ಅಮ್ಮನ ಊಟ ಚಂದ್ರ ಬಂದ ಮೇಲೇನೇ. ಮಳೆಗಾಲದಲ್ಲಿ ಇದೊಂದು ಫಜೀತಿ. ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಸಮಯ ನೋಡಿಕೊಂಡು ತಾರಸಿಗೆ ಹೋಗ್ತಾಳೆ, ಬರೀ ಮೋಡ. ಆ ದಿಕ್ಕಿಗೇ ಅರ್ಘ್ಯ ಬಿಟ್ಟು ಕೆಳಗೆ ಬಂದು "ಕಾಣ್ಲಿಲ್ಲ, ಬಂದಿರ್ತಾನೆ ಬಿಡು" ಅಂತಾಳೆ. ಈ ಸಲ ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಬ್ಯಾಬಿಲೋನ್!

ಇಂದಿನ ಇರಾಕಿನಲ್ಲಿ, ಬಾಗ್ದಾದಿನಿಂದ ದಕ್ಷಿಣಕ್ಕೆ ಸುಮಾರು 85 ಕಿ.ಮೀ. ದೂರದಲ್ಲಿ ಆ ಊರಿನ ಅವಶೇಷಗಳಿವೆ. ಅಲ್ಲಿನ ಲಿಪಿಕಾರರು ಹಸಿ ಜೇಡಿಮಣ್ಣಿನ ಹಲಗೆಗಳ ಮೇಲೆ ಆಕಾಶದ ದಿನಚರಿ ಬರೆದಿಟ್ಟರು. ನಮಗೆ ಸಿಕ್ಕಿರುವುದರಲ್ಲಿ ಅತಿ ಹಳೆಯದು ಕ್ರಿ.ಪೂ. 652ರದ್ದು, ಕೊನೆಯದು ಕ್ರಿ.ಪೂ. 61ರದ್ದು. ಹತ್ತಿರ ಹತ್ತಿರ 600 ವರ್ಷ, ಒಂದೇ ಊರು, ಒಂದೇ ಕೆಲಸ. ನಡುವೆ ಪರ್ಷಿಯನ್ನರು ಬಂದರು, ಗ್ರೀಕರು ಬಂದರು, ಪಾರ್ಥಿಯನ್ನರು ಬಂದರು. ಬರೆಯುವುದು ಮಾತ್ರ ನಿಲ್ಲಲಿಲ್ಲ.

ಅವರ ತಿಂಗಳು ಶುರುವಾಗುತ್ತಿದ್ದದ್ದು ಅಮಾವಾಸ್ಯೆ ಕಳೆದು ಸಂಜೆ ಪಶ್ಚಿಮದಲ್ಲಿ ಎಳೆ ಚಂದ್ರ ಮೊದಲು ಕಂಡಾಗ. ಹೋದ ತಿಂಗಳಿಗೆ 29 ದಿನವೋ 30 ದಿನವೋ ಅನ್ನುವುದು ಆ ಸಂಜೆಯೇ ತೀರ್ಮಾನ. ಆವತ್ತು ಸೂರ್ಯ ಮುಳುಗಿದ ಎಷ್ಟು ಹೊತ್ತಿಗೆ ಚಂದ್ರ ಮುಳುಗಿದ ಅನ್ನುವುದು ತಿಂಗಳ ಮೊದಲ ಅಳತೆ. ಕೊನೆಯ ಅಳತೆ, ಸವೆದ ಚಂದ್ರ ಬೆಳಗಿನ ಜಾವ ಕೊನೆಯ ಸಲ ಕಾಣುವ ದಿನ: ಅವನು ಹುಟ್ಟಿದ ಎಷ್ಟು ಹೊತ್ತಿಗೆ ಸೂರ್ಯ ಹುಟ್ಟಿದ?

ಮಿಕ್ಕ ನಾಲ್ಕು ಅಳತೆಗಳು ಹುಣ್ಣಿಮೆಯ ಆಸುಪಾಸು. ಹುಣ್ಣಿಮೆಗೆ ಸ್ವಲ್ಪ ಮುಂಚೆ ಚಂದ್ರ ಸೂರ್ಯೋದಯಕ್ಕೆ ಮೊದಲೇ ಮುಳುಗಿಬಿಡುತ್ತಾನೆ. ಮಾರನೇ ದಿನ ಸೂರ್ಯ ಹುಟ್ಟಿದ ಮೇಲೂ ಪಶ್ಚಿಮದಲ್ಲಿ ಇರುತ್ತಾನೆ. ಆ ಎರಡು ಬೆಳಗಿನ ಅಂತರಗಳಿಗೆ ಅವರಿಟ್ಟ ಹೆಸರು 'ಶು' ಮತ್ತು 'ನ'. ಸಂಜೆಗಳಿಗೂ ಇಂಥದೇ ಎರಡು. ಅಳತೆಯ ಮಾನ 'ಉಶ್', ಆಕಾಶ ಒಂದು ಡಿಗ್ರಿ ತಿರುಗುವ ಹೊತ್ತು, ಅಂದರೆ ನಮ್ಮ 4 ನಿಮಿಷ.

ನನಗೆ ತುಂಬಾ ಹಿಡಿಸಿದ್ದು ಮೋಡದ ದಿನಗಳ ಬರಹ. ಎಷ್ಟೋ ಕಡೆ ಅಂಕಿಯ ಜಾಗ ಖಾಲಿ ಇಲ್ಲ. ಲೆಕ್ಕ ಹಾಕಿ ಬರೆದಿದ್ದಾರೆ, ಆದರೆ ಪಕ್ಕದಲ್ಲೇ ಮೋಡ ಇತ್ತು, ನೋಡಲಿಲ್ಲ ಎಂಬ ಅರ್ಥದ ಟಿಪ್ಪಣಿ. ನಿಜಕ್ಕೂ ಅಳೆದಿದ್ದರೆ ಅಳೆದದ್ದು ಅಂತ ಬೇರೆ ಗುರುತು. ಹಿಂದೊಮ್ಮೆ ನಾನಿದ್ದ ಪ್ರಾಜೆಕ್ಟಿನಲ್ಲಿ ಡೇಟಾ ಬರದೇ ಹೋದರೆ ಹಿಂದಿನ ಅಂಕಿಯನ್ನೇ ತುಂಬಿಸು ಅಂತ ಯಾರೋ ಕೋಡ್ ಬರೆದಿಟ್ಟಿದ್ದರು (ಯಾರೋ ಅಂದರೆ ನಾನೇ). ಸೆನ್ಸರ್ ಕೆಟ್ಟು ಮೂರು ದಿನವಾಗಿತ್ತು, ಲಾಗ್ ನೋಡಿದರೆ ಎಲ್ಲ ಸರಿಯಾಗಿತ್ತು! ಯಾವುದು ನೋಡಿದ್ದು, ಯಾವುದು ತುಂಬಿಸಿದ್ದು ಅಂತ ಬೇರ್ಪಡಿಸಲು ಆಮೇಲೆ ಒಂದು ವಾರ ಹಿಡಿಯಿತು. ಎರಡು ಸಾವಿರ ವರ್ಷಗಳ ಹಿಂದಿನ ಲಿಪಿಕಾರನಿಗೆ ಇದ್ದ ಬುದ್ಧಿ ನನಗಿರಲಿಲ್ಲ.

ಸರಿ, ಕಾಣದ ದಿನದ ಲೆಕ್ಕ ಹಾಕುತ್ತಿದ್ದದ್ದು ಹೇಗೆ? ಅವರಿಗೆ ಗೊತ್ತಿದ್ದ ಒಂದು ದಾರಿ 18 ವರ್ಷ ಹಿಂದಿನ ಹಲಗೆ ತೆಗೆದು ನೋಡುವುದು. 223 ಚಾಂದ್ರಮಾಸಗಳಾದ ಮೇಲೆ ಚಂದ್ರನ ಆಟ ಹೆಚ್ಚುಕಡಿಮೆ ಹಾಗೇ ಮರುಕಳಿಸುತ್ತದೆ. ಆದರೆ ಅದು 6585 ದಿನ ಮತ್ತು ಇನ್ನೊಂದು ಮೂರನೇ ಒಂದು ದಿನ. ಆ ಮೂರನೇ ಒಂದಕ್ಕೆ ಏನು ಮಾಡುವುದು? 'ಶು' ಮತ್ತು 'ನ' ಕೂಡಿದರೆ, ಆ ಹುಣ್ಣಿಮೆಯ ಹೊತ್ತಿನಲ್ಲಿ ಚಂದ್ರ ಮುಳುಗುವುದು ಒಂದು ದಿನಕ್ಕೆ ಎಷ್ಟು ತಡವಾಗುತ್ತದೆ ಅನ್ನುವುದು ಸಿಗುತ್ತದೆ. ಅದರ ಮೂರನೇ ಒಂದು ಭಾಗವನ್ನು ಹಳೆಯ 'ನ'ದಿಂದ ಕಳೆದರೆ ಹೊಸ 'ನ', ಹಳೆಯ 'ಶು'ಗೆ ಕೂಡಿಸಿದರೆ ಹೊಸ 'ಶು'. ಅಷ್ಟೇ! ತ್ರಿಕೋನಮಿತಿ ಇಲ್ಲ, ಗೋಳದ ಜ್ಯಾಮಿತಿ ಇಲ್ಲ. ಮೊದಲ ಸಲ ಅರ್ಥವಾದಾಗ ಎದ್ದು ಒಂದು ಸುತ್ತು ತಿರುಗಾಡಿ ಬಂದೆ.

ದಿನಚರಿಯಲ್ಲಿ ಬರೀ ಚಂದ್ರನಿಲ್ಲ. ಒಂದು ಶೆಕೆಲ್ ಬೆಳ್ಳಿಗೆ ಎಷ್ಟು ಬಾರ್ಲಿ, ಎಷ್ಟು ಖರ್ಜೂರ, ಎಷ್ಟು ಎಳ್ಳು, ಯೂಫ್ರೆಟಿಸ್ ನದಿಯ ಮಟ್ಟ, ಗ್ರಹಗಳು ಯಾವ ರಾಶಿಯಲ್ಲಿ, ಎಲ್ಲ ಇದೆ. ಅಲೆಕ್ಸಾಂಡರ್ ಸತ್ತದ್ದು ಆ ಊರಲ್ಲೇ, ಕ್ರಿ.ಪೂ. 323ರ ಜೂನ್ 11. ಆವತ್ತಿನ ಬರಹದಲ್ಲಿ ರಾಜ ತೀರಿಕೊಂಡ ಸುದ್ದಿ, ಅದರ ಪಕ್ಕದಲ್ಲೇ ಮೋಡ!

ಆಮೇಲೆ ಆ ಲಿಪಿಯನ್ನು ಓದುವವರೇ ಇಲ್ಲವಾದರು. ಹತ್ತೊಂಬತ್ತನೇ ಶತಮಾನದಲ್ಲಿ ಇಂಥ ಹಲಗೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಸ್ಟ್ರಾಸ್ಮಯರ್ ಎಂಬ ಜೆಸ್ಯುಯಿಟ್ ಪಾದ್ರಿ ನಕಲು ಮಾಡಿಕೊಟ್ಟದ್ದನ್ನು ಎಪ್ಪಿಂಗ್ ಎಂಬ ಇನ್ನೊಬ್ಬ ಪಾದ್ರಿ ಲೆಕ್ಕ ಹಾಕಿ ಬಿಡಿಸಿ 1889ರಲ್ಲಿ ಪುಸ್ತಕ ತಂದರು. ದಿನಚರಿಗಳನ್ನು ವಿಂಗಡಿಸಿದವರು ಅಬ್ರಹಾಂ ಸ್ಯಾಕ್ಸ್. ಅವರು ತೀರಿಕೊಂಡ ಮೇಲೆ ಹರ್ಮನ್ ಹುಂಗರ್ 1988ರಿಂದ ಸಂಪುಟಗಳಾಗಿ ಹೊರತಂದರು.

ಬರೆದವರು ಊಹಿಸಿರಲಾರದ ಉಪಯೋಗ ಇನ್ನೊಂದಿದೆ. ಕ್ರಿ.ಪೂ. 136ರ ಏಪ್ರಿಲ್ 15ರಂದು ಬ್ಯಾಬಿಲೋನಿನಲ್ಲಿ ಖಗ್ರಾಸ ಸೂರ್ಯಗ್ರಹಣ. ಸೂರ್ಯೋದಯವಾಗಿ 24 ಉಶ್ ಆದ ಮೇಲೆ ಶುರುವಾಯಿತು, ಶುಕ್ರ, ಬುಧ ಕಂಡರು, ಆ ದಿನಗಳಲ್ಲಿ ಕಾಣಿಸದ ಗುರು ಮತ್ತು ಮಂಗಳ ಕೂಡ ಕಂಡರು ಅಂತ ಬರೆದಿದ್ದಾರೆ. ಭೂಮಿ ಅಂದಿನಿಂದಲೂ ಇಂದಿನ ವೇಗದಲ್ಲೇ ತಿರುಗುತ್ತಿತ್ತು ಅಂತ ಲೆಕ್ಕ ಹಾಕಿದರೆ ಆ ಖಗ್ರಾಸ ಬ್ಯಾಬಿಲೋನಿನಲ್ಲಿ ಕಾಣಲೇಬಾರದು, ಸುಮಾರು 49 ಡಿಗ್ರಿ ಪಶ್ಚಿಮಕ್ಕೆ, ಸ್ಪೇನಿನ ಮಯೋರ್ಕಾ ದ್ವೀಪದ ಕಡೆ ಕಾಣಬೇಕು! ಅಂದರೆ ಭೂಮಿ ಆಗ ಒಂಚೂರು ಬೇಗ ತಿರುಗುತ್ತಿತ್ತು. ಇಂಥ ಹಳೆಯ ಗ್ರಹಣಗಳನ್ನೆಲ್ಲ ಜೋಡಿಸಿ ಸ್ಟೀಫನ್ಸನ್, ಮಾರಿಸನ್ ಮತ್ತು ಹೋಹೆನ್‌ಕರ್ಕ್ 2016ರಲ್ಲಿ ಕೊಟ್ಟ ಲೆಕ್ಕ: ದಿನದ ಉದ್ದ ಶತಮಾನಕ್ಕೆ ಸರಾಸರಿ 1.8 ಮಿಲಿಸೆಕೆಂಡು ಹೆಚ್ಚುತ್ತಿದೆ. 24 ಉಶ್ ಅನ್ನುವುದು ನೋಡಿ ಬರೆದದ್ದೋ ತುಂಬಿಸಿದ್ದೋ ಅಂತ ಅನುಮಾನ ಇದ್ದಿದ್ದರೆ ಈ ಲೆಕ್ಕಕ್ಕೆ ಅದನ್ನು ಸೇರಿಸಿಕೊಳ್ಳಲು ಆಗುತ್ತಿರಲಿಲ್ಲ.