ನಲ್ಲಿ ಬಂತು, ಕೆರೆ ಹೋಯಿತು

ಬೆಂಗಳೂರಿಗೆ ಹೊಳೆಯಿಲ್ಲ. ದೊಡ್ಡ ಪಟ್ಟಣಗಳು ಹೊಳೆಯ ದಡದಲ್ಲಿ ಹುಟ್ಟಿ ಬೆಳೆಯುತ್ತವೆಂದು ನಾವೆಲ್ಲ ಚಿಕ್ಕಂದಿನಲ್ಲಿ ಓದಿದ್ದೇವಷ್ಟೆ. ಈ ಊರು ಆ ಪಾಠಕ್ಕೆ ಒಗ್ಗದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ, ಉದ್ದನೆಯ ದಿಣ್ಣೆಯೊಂದರ ನೆತ್ತಿಯ ಮೇಲೆ ಇದು ಕುಳಿತಿದೆ. ಹೆಂಚಿನ ಮನೆಯ ಮಾಡಿನ ಮೇಲೆ ಬಿದ್ದ ಮಳೆ ಎರಡು ಕಡೆಗೂ ಇಳಿದುಹೋಗುವಂತೆ, ಇಲ್ಲಿ ಬಿದ್ದ ಮಳೆಯೂ ಎರಡು ಪಾಲಾಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯ ಕಣಿವೆ ಹಿಡಿದು ಅರ್ಕಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಮಳೆಗಾಲದಲ್ಲಿ ನಿಮ್ಮ ಮನೆಯ ಮುಂದಿನ ಚರಂಡಿಯಲ್ಲಿ ನೀರು ಯಾವ ಕಡೆಗೆ ಓಡುತ್ತದೆಂದು ಒಮ್ಮೆ ನೋಡಿ. ನೀವು ಯಾವ ಹೊಳೆಯ ಜನವೆಂಬುದು ಗೊತ್ತಾದೀತು.

ಬಿದ್ದ ನೀರು ನಿಲ್ಲದ ಇಂಥ ಜಾಗದಲ್ಲಿ ಊರು ಕಟ್ಟಿದವರು ಏನನ್ನು ನಂಬಿ ಕಟ್ಟಿದರು? 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಹಾಕಿಸಿದ್ದು, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವೆಡೆಯಿಂದ ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ ಬೀದಿಗಳ ಗೆರೆ ಎಳೆಸಿದ್ದು ನೀವು ಕೇಳಿದ ಕಥೆಯೇ. ಆದರೆ ಕೋಟೆಗಿಂತ ಹೆಚ್ಚು ಕಾಲ ಊರನ್ನು ಕಾಪಾಡಿದ್ದು ಕೋಟೆಯ ಹೊರಗಿನ ಕೆರೆಗಳು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಇವು ಪೇಟೆಗೆ ಸೇರಿದುವು. ಸುತ್ತಲ ಹಳ್ಳಿಗಳ ಕೆರೆಗಳು ಬೇರೆ.

ಕೆರೆಯೆಂದರೆ ನೀರು ನಿಂತ ಹಳ್ಳವೆಂದು ಭಾವಿಸಬಾರದು. ಏರಿ, ತೂಬು, ಕೋಡಿ ಮೂರೂ ನೆಟ್ಟಗಿದ್ದರೆ ಅದು ಕೆರೆ. ಏರಿ ನೀರನ್ನು ತಡೆಯುತ್ತದೆ. ತೂಬು ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ ಬೇಕಾದಷ್ಟನ್ನು ಬಿಡುತ್ತದೆ. ತುಂಬಿ ಹೆಚ್ಚಾದದ್ದು ಕೋಡಿ ಬಿದ್ದು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ದಿಣ್ಣೆಯಿಂದ ಕಣಿವೆಯವರೆಗೆ ಒಂದರ ಕೈಯನ್ನು ಒಂದು ಹಿಡಿದುಕೊಂಡ ಸಾಲು. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಊರಿಗೆ ಆಪತ್ತು. ಕೆಳಗಿನವರು ಕಾಲುವೆ ಮುಚ್ಚಿದರೆ ಮೇಲಿನವರ ಹೊಲಕ್ಕೆ ನೀರು ನುಗ್ಗುತ್ತದೆ. ಒಂದು ಕೆರೆಯನ್ನು ಮಾತ್ರ ಚೆನ್ನಾಗಿಟ್ಟುಕೊಳ್ಳುತ್ತೇನೆಂದರೆ ಸಾಧ್ಯವಿಲ್ಲ.

ಇನ್ನು ಆ ಕೆರೆಗಳನ್ನು ನೋಡಿಕೊಂಡವರು ಯಾರು? ತೂಬು ಎತ್ತಿ ಇಳಿಸುವ ನೀರಗಂಟಿಯೊಬ್ಬನೇ ಅಲ್ಲ. ಕುಂಬಾರರು ಕೆರೆಯಂಗಳದ ಜೇಡಿಯನ್ನು ತೆಗೆದು ಮಡಕೆ ಮಾಡಿದರು. ಒಕ್ಕಲಿಗರು ಬೇಸಗೆಯಲ್ಲಿ ಗೋಡುಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕಿದರು. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿಕೊಂಡರು. ಜೊತೆಯಲ್ಲೇ ಕೆರೆಯ ಹೂಳೂ ಅಷ್ಟಷ್ಟು ಖಾಲಿಯಾಯಿತು. ಅಗಸರು ಬಟ್ಟೆ ಒಗೆದರು. ತಿಗಳರು ಕೆರೆಯ ಕೆಳಗೆ ತರಕಾರಿ ಹೂವು ಬೆಳೆದು ಪೇಟೆಗೆ ಒದಗಿಸಿದರು. ಕುಂಬಾರಪೇಟೆ, ಗಾಣಿಗರಪೇಟೆ, ಅಕ್ಕಿಪೇಟೆ, ತರಗುಪೇಟೆ ಎಂದು ಹೆಸರುಗಳನ್ನು ಓದುತ್ತ ಹೋದರೆ ಒಳಗಿನ ಪೇಟೆಗಳು ಹೊರಗಿನ ಕೆರೆಗಳನ್ನು ಎಷ್ಟು ನೆಚ್ಚಿಕೊಂಡಿದ್ದುವೆಂಬುದು ಹೊಳೆಯುತ್ತದೆ. ಆ ವ್ಯವಸ್ಥೆಯಲ್ಲಿ ಎಲ್ಲರಿಗೂ ಸಮಪಾಲು ಇತ್ತೆಂದು ನಾನು ಹೇಳಲಾರೆ. ಯಾವ ಜಾತಿಯವರು ಯಾವ ನೀರು ಮುಟ್ಟಬಹುದೆಂಬ ಕಟ್ಟಳೆಗಳು ಕ್ರೂರವಾಗಿಯೇ ಇದ್ದುವು. ಆದರೂ ಕೆರೆ ಕೆಟ್ಟರೆ ಹಲವರ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಆದ್ದರಿಂದ ಅದರ ಮೇಲೆ ಹಲವರ ಕಣ್ಣಿತ್ತು.

1809ರಲ್ಲಿ ಪೇಟೆಯ ಪೂರ್ವಕ್ಕೆ ಇಂಗ್ಲಿಷರ ದಂಡು ಬಂದು ನಿಂತಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದಿತು. ಒಂದೇ ದಿಣ್ಣೆಯ ಮೇಲೆ ಎರಡು ಊರು, ಎರಡು ಆಡಳಿತ, ಅದೇ ಕೆರೆಗಳು. ಜನ ಹೆಚ್ಚಿದಂತೆ ನೀರು ಸಾಲದಾಯಿತು, ಕೊಳೆಯೂ ಆಯಿತು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಈ ನಂಬಿಕೆಯ ಬುಡವೇ ಅಲ್ಲಾಡಿತು. 1871ರ ಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಸ್ವಲ್ಪ ಕಡಮೆಯಾಗಿತ್ತೆಂದರೆ ಆ ಬರದ ಉಗ್ರತೆ ಊಹಿಸಿಕೊಳ್ಳಬಹುದು. ಮಳೆಯಿಲ್ಲದಿದ್ದರೆ ಕೆರೆಯಿಲ್ಲ, ಕೆರೆಯಿಲ್ಲದಿದ್ದರೆ ಊರಿಲ್ಲ. ಬೇರೆ ದಾರಿ ಹುಡುಕಲೇಬೇಕೆಂದು ಆಳುವವರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ದಾರಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ತೆರೆಯಿತು. ಊರಿನಿಂದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆಯಿಂದ ಕೊಳವೆಗಳಲ್ಲಿ ನೀರು ತರಲಾಯಿತು. 1896ರಲ್ಲಿ ನಲ್ಲಿ ತಿರುಗಿಸಿದರೆ ನೀರು! ಕಂಕುಳಲ್ಲಿ ಕೊಡ ಇಟ್ಟುಕೊಂಡು ಕೆರೆಗೂ ಬಾವಿಗೂ ನಡೆದು ಸವೆದ ಹೆಣ್ಣುಮಕ್ಕಳಿಗೆ ಆ ದಿನ ಹೇಗಿದ್ದೀತು! ಕೆರೆಯ ಹಳೆಯ ಸೊಬಗನ್ನು ಹೊಗಳುವ ನಮ್ಮಂಥವರು ಆ ಕೊಡದ ಭಾರವನ್ನು ಮರೆಯುವುದು ನ್ಯಾಯವಲ್ಲ.

ಇದಾಗಿ ಎರಡೇ ವರ್ಷಕ್ಕೆ, 1898ರ ಆಗಸ್ಟಿನಲ್ಲಿ, ಪ್ಲೇಗು ಬಂದಿತು. ಹೇಗೆ ಬಂದಿತೆಂಬುದನ್ನು ಗಮನಿಸಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಬೇನೆ ಹುಬ್ಬಳ್ಳಿಯವರೆಗೆ ಬಂದು, ಅಲ್ಲಿಂದ ರೈಲು ಹತ್ತಿ ಬೆಂಗಳೂರಿಗೆ ಇಳಿಯಿತು. ಯಾವ ರೈಲು ಧಾನ್ಯವನ್ನು ತಂದು ಕ್ಷಾಮದ ಭಯವನ್ನು ತಗ್ಗಿಸಿತೋ ಅದೇ ರೈಲು. ಧಾನ್ಯ ಬಂದಲ್ಲಿ ಇಲಿ ಬರುತ್ತದೆ. ಇಲಿಯ ಮೈಮೇಲೆ ಚಿಗಟ. ಚಿಗಟವೇ ಈ ಬೇನೆಯನ್ನು ದಾಟಿಸುತ್ತದೆಂದು ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೊಂ ಅದೇ 1898ರಲ್ಲಿ ಕರಾಚಿಯಲ್ಲಿ ಕಂಡುಹಿಡಿದರೂ ಲೋಕ ಒಪ್ಪಲು ಹಲವು ವರ್ಷ ಹಿಡಿಯಿತು. ಇಲ್ಲಿಯ ಅಧಿಕಾರಿಗಳು ಮನೆಗಳ ಹೆಂಚು ತೆಗೆಸಿ ಬಿಸಿಲು ಬೀಳಿಸಿದರು, ಗೋಡೆ ಕೆಡವಿಸಿದರು, ಜನರನ್ನು ಊರ ಹೊರಗೆ ಗುಡಿಸಲುಗಳಿಗೆ ಸಾಗಿಸಿದರು. ಜನ ಪ್ಲೇಗಮ್ಮನಿಗೆ ಹರಕೆ ಹೊತ್ತರು. ಕಾಲಿಗೆ ಬುದ್ಧಿ ಹೇಳಿದವರೂ ಬಹಳ. 1891ರಲ್ಲಿ ಪೇಟೆ ದಂಡು ಎರಡೂ ಸೇರಿ 1,80,366 ಜನರಿದ್ದ ಊರಿನಲ್ಲಿ 1901ರ ಗಣತಿಗೆ ಸಿಕ್ಕಿದ್ದು 1,59,046.

ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಹರಡಬೇಕೆಂಬ ಯೋಜನೆ ಮೊದಲೇ ಇತ್ತು. ಪ್ಲೇಗು ಅದನ್ನು ದೂಡಿತು. ಹೀಗೆ ಎದ್ದವು ಮಲ್ಲೇಶ್ವರ, ಬಸವನಗುಡಿ. ನೇರವಾದ ಅಗಲ ರಸ್ತೆ, ಅಡ್ಡರಸ್ತೆ, ಸುತ್ತ ಬಯಲಿರುವ ನಿವೇಶನ, ಮನೆಯ ಹಿಂದೆ ಕಕ್ಕಸು ತೋಟಿಗಳು ಓಡಾಡುವ ಓಣಿ. (ಆ ಓಣಿಯಲ್ಲಿ ತಲೆಯ ಮೇಲೆ ಹೊತ್ತು ನಡೆದವರ ಬದುಕು ಬೇರೆಯೇ ಒಂದು ಚರಿತ್ರೆ, ಅದನ್ನು ಬರೆದವರು ಕಡಮೆ.) ನಿವೇಶನ ಕೊಳ್ಳಬಲ್ಲವರು ಹೋದರು, ಕೊಳ್ಳಲಾರದವರು ಪೇಟೆಯಲ್ಲೇ ಉಳಿದರು. ಇಂಥ ಬಡಾವಣೆ ಬಾಳಿದ್ದಕ್ಕೆ ಗಾಳಿ ಬೆಳಕು ಮಾತ್ರವಲ್ಲ, ಕೊಳವೆಯ ನೀರೂ ಕಾರಣ. ಕೆರೆಯ ಹತ್ತಿರವೇ ಮನೆ ಇರಬೇಕಾದ ಅವಶ್ಯಕತೆ ಹೋಯಿತು. ಊರು ಎಲ್ಲಿಗೆ ಬೇಕಾದರೂ ಹಬ್ಬಬಹುದಾಯಿತು. ಬರಕ್ಕೆ ಹೆದರಿ ತಂದ ನೀರು ಬೇನೆಗೆ ಹೆದರಿದವರ ಮನೆ ಕಟ್ಟಿಸಿತೆನ್ನಬಹುದು.

ಅಷ್ಟರಲ್ಲಿ ಕೆರೆಯ ಮೇಲೆ ಇನ್ನೊಂದು ಆಪಾದನೆಯೂ ಬಂದಿತು. 1883ರ ಸುಮಾರಿನಲ್ಲಿ ಬೆಂಗಳೂರು ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯವೈದ್ಯರಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತ. ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ಪೀಪಾಯಿಯೊಳಗೆ ಹುಳುಗಳು ತುಳುಕಾಡುವುದನ್ನು ಕಂಡು ಅದನ್ನು ಕವುಚಿಹಾಕಿಸಿದರು, ಸೊಳ್ಳೆ ಕಡಮೆಯಾಯಿತು. ಮೆಸ್ಸಿನ ತೊಟ್ಟಿಗಳನ್ನೂ ಹೀಗೆಯೇ ಖಾಲಿಮಾಡಿಸೋಣವೆಂದರೆ, ಅದು ಸೃಷ್ಟಿಯ ಕ್ರಮವನ್ನು ಕೆಡಿಸಿದಂತೆ ಎಂದು ಅಲ್ಲಿಯ ಅಧಿಕಾರಿ ಒಪ್ಪಲಿಲ್ಲವಂತೆ! ಅದೇ ರಾಸ್ 1895ರಲ್ಲಿ ಕಾಲರಾ ನಿವಾರಣೆಗೆಂದು ಮತ್ತೆ ಬೆಂಗಳೂರಿಗೆ ಬಂದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡು ನೊಬೆಲ್ ಬಹುಮಾನ ಪಡೆದರು. ಅಲ್ಲಿಂದ ಮುಂದೆ ನಿಂತ ನೀರೆಲ್ಲ ವೈರಿಯಂತೆ ಕಂಡಿತು. ಹೇಗೂ ಕುಡಿಯಲು ನಲ್ಲಿಯಿದೆ, ಕೆರೆ ಯಾಕೆ?

ಈ ಮಾತಿಗೆ ಎದುರು ಹೇಳಿದವರೊಬ್ಬರಿದ್ದರು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್ ಮೂಲತಃ ಜೀವಶಾಸ್ತ್ರದ ಪಂಡಿತರು. 1914ರಿಂದ ಸುಮಾರು ಹತ್ತು ವರ್ಷ ನಮ್ಮ ದೇಶದ ಊರೂರು ತಿರುಗಿ ವರದಿಗಳನ್ನು ಬರೆದರು. ಊರನ್ನೂ ಅವರು ಜೀವವಿರುವ ವಸ್ತುವಿನಂತೆ ನೋಡಿದರು. ಕತ್ತರಿಸುವ ಮೊದಲು ನಾಡಿ ಹಿಡಿದು ನೋಡಿ ಎನ್ನುವುದು ಅವರ ಕ್ರಮ. ಸೊಳ್ಳೆಗೆ ಹೆದರಿ ಕೆರೆ ಮುಚ್ಚಬೇಡಿ. ಶುಚಿಮಾಡಿ, ಮೀನು ಬಿಡಿ, ಬಾತು ಸಾಕಿ, ಅವೇ ಮರಿಹುಳುಗಳನ್ನು ತಿನ್ನುತ್ತವೆ ಎಂದರು. ಇಂದೂರಿನಲ್ಲಿ ಪ್ಲೇಗಿನ ಕಾಟವಿದ್ದಾಗ ಅವರು ಮಾಡಿದ್ದು ಇನ್ನೂ ಸ್ವಾರಸ್ಯವಾಗಿದೆ. ಈ ಸಲದ ದೀಪಾವಳಿಯ ಮೆರವಣಿಗೆ ಹಳೆಯ ದಾರಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ಮನೆಗಳನ್ನು ಚೊಕ್ಕಟಮಾಡಿ ದುರಸ್ತಿ ಮಾಡಿಕೊಂಡಿದ್ದಾರೋ ಆ ಬೀದಿಯಲ್ಲಿ ಹೋಗುತ್ತದೆಂದು ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ಗಾಡಿಗಟ್ಟಲೆ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸನ ಜೊತೆಗೆ ಪ್ಲೇಗಿನ ದೊಡ್ಡ ಇಲಿಯೂ ಬಂದು ಕೊನೆಗೆ ಬೆಂಕಿಗೆ ಆಹುತಿಯಾಯಿತು. ಇಲಿ, ಮನೆ, ಬೀದಿ, ಹಬ್ಬ ನಾಲ್ಕನ್ನೂ ಒಂದೇ ದಾರದಲ್ಲಿ ಕಟ್ಟಿದ ಆ ಬುದ್ಧಿ ನನಗಂತೂ ಹೆಂಚು ತೆಗೆಸುವ ಬುದ್ಧಿಗಿಂತ ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರಿನ ಕೆರೆಗಳು ಉಳಿಯಲಿಲ್ಲ. ಯಾರೋ ಒಬ್ಬರು ದುರುದ್ದೇಶದಿಂದ ಕೆಡಿಸಿದರೆಂದಲ್ಲ. ರೈಲುಹಾದಿಯ ದಿಬ್ಬಗಳು, ರಸ್ತೆಗಳು, ಬಡಾವಣೆಗಳು ಒಂದೊಂದೂ ಯಾವುದೋ ಕಾಲುವೆಗೆ ಅಡ್ಡವಾದುವು. ನೀರು ಬಾರದ ಕೆರೆ ಬಯಲಾಯಿತು. ಬಯಲು ಕಂಡಲ್ಲಿ ಊರಿಗೆ ಏನಾದರೊಂದು ಬೇಕೇ ಆಗಿರುತ್ತದೆ. ಧರ್ಮಾಂಬುಧಿ ಬತ್ತಿ ಸುಭಾಷ್ ನಗರದ ಮೈದಾನವಾಗಿ, ಆಮೇಲೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ವಿಧಿಗಳಿಗೆಂದು ಒಂದು ಪುಟ್ಟ ಕಲ್ಯಾಣಿಯಷ್ಟು ನೀರು ಮಾತ್ರ ಉಳಿಯಿತು. ತೋಟಗಾರ ತಿಗಳರ ತೋಟಗಳು ಹೋದುವು, ಚೈತ್ರ ಹುಣ್ಣಿಮೆಯ ಕರಗ ಮಾತ್ರ ನಿಂತಿಲ್ಲ. ಚಲ್ಲಘಟ್ಟದ ಕೆರೆ ಗಾಲ್ಫಿನ ಹುಲ್ಲುಗಾವಲಾಯಿತು. ಪ್ರತಿಯೊಂದಕ್ಕೂ ಆ ಹೊತ್ತಿಗೆ ಒಪ್ಪುವಂಥ ಕಾರಣವಿತ್ತು.

ಇತ್ತ ನಲ್ಲಿಯ ಬಾಯಾರಿಕೆ ಬೆಳೆಯುತ್ತ ಹೋಯಿತು. ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ. ಅದೂ ಸಾಲದೆ 1974ರಲ್ಲಿ ಕಾವೇರಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ನೀರನ್ನು ದಿಣ್ಣೆ ಹತ್ತಿಸಿ ತಂದರು. ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತವೊಂದರಿಂದಲೇ 77.5 ಕೋಟಿ ಲೀಟರ್. ನೀರು ತಂದುಕೊಟ್ಟವರನ್ನು ಕೊಂಡಾಡಿದ ನಾವು ಅದು ಬಚ್ಚಲಿನಿಂದಾಚೆಗೆ ಎಲ್ಲಿ ಹೋಗುತ್ತದೆಂದು ಕೇಳಲೇ ಇಲ್ಲ. ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಅದು ಹಿಡಿದದ್ದು ಹಳೆಯ ಕಾಲುವೆಗಳನ್ನೇ. ವೃಷಭಾವತಿ ಚರಂಡಿಯಾಯಿತು. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿತು. 2015ರಲ್ಲಿಯೂ 2017ರಲ್ಲಿಯೂ ಅಲ್ಲಿ ಬೆಂಕಿಯೇ ಎದ್ದಿತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಮಳೆನೀರು ತನ್ನ ಹಳೆಯ ದಾರಿ ಹುಡುಕಿ ಬಂದಾಗ, ಕಚೇರಿಗೆ ಹೋಗುವವರು ಟ್ರ್ಯಾಕ್ಟರ್ ಏರಬೇಕಾಯಿತು. ಒಂದೂವರೆ ವರ್ಷಕ್ಕೆ, 2024ರ ಬೇಸಗೆಯಲ್ಲಿ, ಅದೇ ಊರಿನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾಯಬೇಕಾಯಿತು.

ಈ ನೀರಿನ ಪಯಣ ಬೆಂಗಳೂರಿನಲ್ಲಿ ಮುಗಿಯುವುದಿಲ್ಲ. 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿ, ಕೊಳವೆಯಲ್ಲಿ ಕೋಲಾರದ ಬತ್ತಿದ ಕೆರೆಗಳಿಗೆ ತುಂಬಿಸುತ್ತಾರೆ. ಬಾವಿಗಳಲ್ಲಿ ನೀರು ಬಂತೆಂದು ಸಂತೋಷಪಡುವ ರೈತರಿದ್ದಾರೆ; ಮೂರನೆಯ ಹಂತದ ಶುದ್ಧಿಯಿಲ್ಲದೆ ಈ ನೀರು ನೆಲಕ್ಕಿಳಿಯಬಾರದೆಂದು ವಾದಿಸುವವರೂ ಇದ್ದಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕಾವೇರಿಯ ವಿದ್ಯುತ್ತು ಹೋಗಿತ್ತು. 116 ವರ್ಷಗಳ ಮೇಲೆ ಕಾವೇರಿಯ ನೀರೂ ಆ ಜಿಲ್ಲೆಯನ್ನು ಮುಟ್ಟಿತು, ಬೆಂಗಳೂರಿನ ಬಚ್ಚಲುಮನೆಗಳನ್ನು ಹಾಯ್ದು.